ಉತ್ತರ ಮೇಲೆ ಬರೆಯಿರಿ

"ಮೊದ್ಲ ಅದರ ಬಾಯಿ ಮುಚ್ಚಸೋ!" ಎಂದು ಅಪ್ಪಾಸಾಹೇಬರು ಮಗನಿಗೆ ಗದರುತ್ತಿದ್ದಂತೆ ರವಿಕಿರಣ ಚಿಕ್ಕಪ್ಪನ ಲ್ಯಾಪ್‌ಟಾಪಿನ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತತೊಡಗಿದ. ಒತ್ತಿದ ಪ್ರತಿ ಗುಂಡಿಯ ಹೆಸರನ್ನೂ ಅದು ಕೂಗಿ ಹೇಳಿತು. ಎಸ್ಕೇಪ್. ಎಫ್ ನಾಲ್ಕು. ಡಿಲೀಟ್. ಪರದೆ ಮಾತ್ರ ಕಪ್ಪಗೇ ಇತ್ತು.

"ಸ್ಕ್ರೀನ್ ಆನ್ ಇಲ್ಲಪ್ಪಾ. ಆಫ್ ಆಗಿದ್ದನ್ನ ಹೆಂಗ ಆಫ್ ಮಾಡ್ಲಿ?"

"ಆಫ್ ಆಗಿದ್ದು ಮಾತಾಡ್ತೈತೇನೋ ಹುಚ್ಚಪ್ಯಾಲಿ!"

ಎರಡು ಮಾರು ದೂರದಲ್ಲಿ, ಮಣೆಯ ಮೇಲೆ, ಗೋಡೆಗೆ ಬೆನ್ನು ಆನಿಸಿ ಆ ಚಿಕ್ಕಪ್ಪ ವೀರಬಸಪ್ಪನವರನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಅದರ ಮೇಲೆ ಸೇವಂತಿಗೆ ಹಾರ. ಭಜನೆ ಮಾಡುತ್ತಿದ್ದ ಹೆಂಗಸರು ನಿಲ್ಲಿಸಿ ಮೇಜಿನ ಕಡೆ ನೋಡುತ್ತಿದ್ದರು. ಏರಿಳಿತವಿಲ್ಲದ ಗಂಡು ದನಿಯಲ್ಲಿ ಯಂತ್ರ ಮತ್ತೆ ಹೇಳಿತು: "ಹೊಸ ಮೇಲ್. ಜಮೀರ್. ವಿಷಯ, ನಿನ್ನೆಯ ಸಂಚಿಕೆ ಯಾಕೆ ಬಂದಿಲ್ಲ."

ಎಲ್ಲರ ಕಣ್ಣೂ ಹೆಣದ ಕಡೆ ಹೋದವು. ಪಕ್ಕದ ಮನೆಯಾಕೆ ಗಲ್ಲ ಬಡಿದುಕೊಂಡಳು.

ಅಷ್ಟರಲ್ಲಿ ಎರಡು ಬಾಳೆಕಂದು ಹೆಗಲಿಗೇರಿಸಿಕೊಂಡು ಮಹೇಂದ್ರ ಒಳಗೆ ಬಂದ. ಕೋಗಿಲು ಮುಖ್ಯರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಇಪ್ಪತ್ತೇಳರ ಹುಡುಗ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕಂದುಗಳನ್ನು ಬಾಗಿಲ ಬಳಿ ಒಗೆದು ನೇರವಾಗಿ ಮೇಜಿಗೆ ಬಂದು ರವಿಕಿರಣನ ಕೈಯನ್ನು ತಳ್ಳಿದ.

"ಸುಮ್ನೆ ಎಲ್ಲಾ ಒತ್ಬೇಡ ಗುರು. ಸರ್ ಸ್ಕ್ರೀನ್ ಬೆಳಕನ್ನ ಸೊನ್ನೆಗೆ ಇಟ್ಟಿರ್ತಿದ್ರು. ಅವ್ರಿಗ್ಯಾಕೆ ಬೆಳಕು? ಬ್ಯಾಟರಿ ದಂಡ ಅಂತ."

ಅವನು ಒಂದು ಗುಂಡಿ ಹಿಡಿದು ಒತ್ತಿದ. ಪರದೆ ನಿಧಾನವಾಗಿ ಬೆಳಗಿತು. ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುವ ಆ ಸ್ಕ್ರೀನ್ ರೀಡರಿನ ದನಿ ಸಣ್ಣದಾಯಿತು. ನಿನ್ನೆ ಸಂಜೆ ಆರೂವರೆಗೆ, ಇದೇ ಕುರ್ಚಿಯಲ್ಲಿ, ವೀರಬಸಪ್ಪನವರು ಎದೆ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದರು. ಬರೆಯುತ್ತಿದ್ದ ಮೇಲ್ ಅರ್ಧಕ್ಕೇ ನಿಂತಿತ್ತು. ಕಳಿಸದ ಮೇಲಿಗಾಗಿ ಬೆಳಗಿನಿಂದ ಹದಿನಾಲ್ಕು ಜನ ಕೇಳಿದ್ದರು.

ಮಹೇಂದ್ರ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತ. "ನಿಂಗವ್ವಕ್ಕಾ, ಸಂಜೆಕಟ್ಟೆಯೋರಿಗೆ, ಸರ್ ಮೇಲ್ ಗುಂಪಿನೋರಿಗೆ, ಹೇಳ್ಬೇಕಲ್ಲ. ಯಾರ್ಗೂ ಗೊತ್ತಿಲ್ಲ."

ವೀರಬಸಪ್ಪನವರ ಹೆಂಡತಿ ನಿಂಗವ್ವ ಅವರ ಒಗೆದ ಪಂಚೆ ಮಡಚುತ್ತಿದ್ದಳು. "ಹೇಳಪಾ. ದಿನಾ ಸಂಜೀಕ ಅವರ ಕೂಡನ ಇರ್ತಿದ್ರು. ಒಬ್ಬರ ಮಾರಿನೂ ನಾ ನೋಡಿಲ್ಲ."

ಮಹೇಂದ್ರ ಬರೆದ. ವಿಷಯದ ಸಾಲಿನಲ್ಲೇ ಸುದ್ದಿ: ವೀರಬಸಪ್ಪ ಸರ್ ತೀರಿಕೊಂಡರು. ಮೊದಲ ಸಾಲಿನಲ್ಲಿ ಜಾಗ, ಎರಡನೆಯದರಲ್ಲಿ ಹೊತ್ತು: ಕೋಗಿಲು, ಕೆರೆ ಹಿಂದಿನ ರುದ್ರಭೂಮಿ, ಇವತ್ತು ಸಂಜೆ ನಾಲ್ಕಕ್ಕೆ. ಕೆಳಗೆ ತನ್ನ ನಂಬರು. ಅಷ್ಟೇ. ಸರ್ ಹೇಳಿಕೊಟ್ಟ ಹಾಗೆ.

ಹತ್ತು ನಿಮಿಷಕ್ಕೆ ಆರ್.ಟಿ. ನಗರದಿಂದ ಜಮೀರನ ಉತ್ತರ ಬಂತು. ಮಹೇಂದ್ರ ಅದನ್ನು ನಿಂಗವ್ವನಿಗೆ ಓದಿ ಹೇಳಿದ.

"ನಾವು ಆರು ಜನ ಬರುತ್ತಿದ್ದೇವೆ. ಎಂಟು ವರ್ಷದಿಂದ ದಿನವೂ ಅವರನ್ನು ಓದಿದ್ದೇವೆ, ಆದರೆ ಅವರ ದನಿ ನಮಗೆ ಗೊತ್ತಿಲ್ಲ. ನಮ್ಮ ಕಂಪ್ಯೂಟರು ಎಲ್ಲರ ಮೇಲನ್ನೂ ಒಂದೇ ದನಿಯಲ್ಲಿ ಓದುತ್ತದೆ. ಮಣ್ಣು ಮಾಡುವ ಮೊದಲು ಒಂದು ಸಲ ಅವರ ಮುಖ ಮುಟ್ಟಿ ನೋಡಬಹುದೇ? ಅಮ್ಮನವರನ್ನು ಕೇಳಿ ಹೇಳಿ."

ಬಾಗಿಲಲ್ಲಿ ನಿಂತಿದ್ದ ಅಪ್ಪಾಸಾಹೇಬರು ಮೀಸೆ ತಿರುವಿದರು. ತಮ್ಮನ ಸುದ್ದಿ ಕೇಳಿ ಬಾಗಲಕೋಟೆಯ ಕಡೆಯಿಂದ ರಾತ್ರಿಯಿಡೀ ಕಾರಿನಲ್ಲಿ ಬಂದವರು, ಕಣ್ಣು ಕೆಂಪಗಿದ್ದವು. "ಮಾರಿ ಮುಟ್ಟೂದಂದ್ರ ಏನಿದು? ವಿಭೂತಿ ಹಚ್ಚಿ ಪೂಜಿ ಮಾಡಿ ಕುಂದರಿಸೀವಿ. ಯಾರ್ಯಾರೋ ಬಂದು ಕೈ ಆಡಸೂದೇನು?"

"ಕಣ್ಣಿಲ್ಲದವರು ಮತ್ತ ಹೆಂಗ ನೋಡ್ಬೇಕ್ರಿ ಬಾವಾರ?" ಎಂದಳು ನಿಂಗವ್ವ, ಮಡಚುತ್ತಿದ್ದ ಪಂಚೆಯಿಂದ ತಲೆಯೆತ್ತದೆ. "ನನ್ನ ಮದುವಿ ದಿನ ಅವರೂ ನನ್ನ ಹಂಗ ನೋಡ್ಯಾರ."

ಅಪ್ಪಾಸಾಹೇಬರು ಮೀಸೆಯಿಂದ ಕೈ ತೆಗೆದರು. "ಆತು. ನಾಕಕ್ಕ ಮಣ್ಣು. ಅದರೊಳಗ ಬರ್ಲಿ ಅನ್ನು."

*

ಆರು ವರ್ಷದ ಹಿಂದೆ ವೀರಬಸಪ್ಪನವರು ಮಹೇಂದ್ರನ ಅಂಗಡಿಗೆ ಮೊದಲು ಬಂದದ್ದು ಕರೆಂಟ್ ಬಿಲ್ಲು ಓದಿಸಿಕೊಳ್ಳಲು. ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಅವರು ಟೆಲಿಫೋನ್ ಆಪರೇಟರ್. ಬಸ್ಸಿನಿಂದಿಳಿದು ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ. ಬಿಲ್ಲಿನಿಂದ ಶುರುವಾದದ್ದು ಔಷಧಿ ಚೀಟಿಗೆ, ಅಲ್ಲಿಂದ ಆಧಾರ್ ಕಾರ್ಡಿಗೆ, ಅಲ್ಲಿಂದ ಬರಿಯ ಮಾತಿಗೆ ಬಂತು. ಒಂದು ದಿನ ಅವರು, "ನೀ ಕಂಪ್ಯೂಟರ್ ರಿಪೇರಿ ಮಾಡ್ತಿ. ನಮ್ಮ ಸಂಜೆಕಟ್ಟೆ ಅಂತ ಐತಿ, ಮೇಲ್‌ನ್ಯಾಗ. ಬಹಳ ಮಂದಿ ಕಣ್ಣಿಲ್ಲದವರ. ಏನರ ಕೇಳ್ತಿರ್ತಾರ, ನೀ ಉತ್ತರ ಕೊಡು," ಎಂದರು.

ಮಹೇಂದ್ರ ಸೇರಿಕೊಂಡ. ಪ್ರಿಂಟರಿನ ತೊಂದರೆ ಹೇಳಿಕೊಂಡವಳೊಬ್ಬಳಿಗೆ ಉತ್ಸಾಹದಿಂದ ಉದ್ದನೆಯ ಉತ್ತರವನ್ನೂ ಬರೆದ. ಮಾರನೆಯ ಸಂಜೆ ವೀರಬಸಪ್ಪನವರು ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡೇ ಬಂದರು. ಸ್ಟೂಲಿನ ಮೇಲೆ ಕೂತು, "ಶೆಟರ್ ಅರ್ಧ ಇಳಸು. ಕಣ್ ಮುಚ್ಚು," ಎಂದರು.

"ಯಾಕ್ ಸರ್?"

"ಮುಚ್ಚೋ ಮಾರಾಯ."

ಯಂತ್ರ ಓದತೊಡಗಿತು. ಅಮ್ರೀನ್. ವಿಷಯ, ಆರ್ ಇ, ಆರ್ ಇ, ಆರ್ ಇ, ಆರ್ ಇ, ಪ್ರಿಂಟರ್. ಇಂಥ ತಾರೀಖು ಇಂಥವರು ಬರೆದರು. ಗ್ರೇಟರ್ ದ್ಯಾನ್. ಗ್ರೇಟರ್ ದ್ಯಾನ್ ಗ್ರೇಟರ್ ದ್ಯಾನ್. ಹಳೆಯ ಮೇಲಿನ ಸಾಲುಗಳ ಮುಂದೆ ತಂತಾನೇ ಬೀಳುವ ಬಾಣದ ಗುರುತುಗಳನ್ನೆಲ್ಲ ಅದು ಹೆಸರು ಹಿಡಿದು ಕರೆಯುತ್ತಿತ್ತು. ಯಾರದೋ ಫೋನ್ ನಂಬರು, ಯಾರದೋ ಹುದ್ದೆ, ಯಾರದೋ ಆಫೀಸಿನ ಎಚ್ಚರಿಕೆಯ ಒಕ್ಕಣೆ, ಪೂರ್ತಿಯಾಗಿ, ಮೂರು ಸಲ. ಮತ್ತೆ ಗ್ರೇಟರ್ ದ್ಯಾನ್. ಮಹೇಂದ್ರ ಒಂದು ಸಲ ಕಣ್ಣು ತೆರೆಯಲು ಹೋದ. ಅವರಿಗೆ ಹೇಗೆ ತಿಳಿಯಿತೋ, ಅವನ ಮೊಣಕೈಗೆ ತಟ್ಟಿದರು. ನಾಲ್ಕು ನಿಮಿಷವಾದ ಮೇಲೆ ಅದು ನಿಂತಿತು.

"ಈಗ ಹೇಳು. ಅಮ್ರೀನ್ ಏನ್ ಬರ್ದಾಳ?"

"ಎಲ್ ಗೊತ್ತಾಯ್ತು ಸರ್! ತಲೆ ಕೆಟ್ಟೋಯ್ತು."

"ಎಲ್ಲಾರಕಿಂತ ಕೆಳಗ ಒಂದ ಮಾತು ಬರ್ದಾಳ. ಥ್ಯಾಂಕ್ಸ್ ಅಂತ." ವೀರಬಸಪ್ಪನವರು ನಕ್ಕರು. "ಅದರ ಹಿಂದಿನದು ನಿಂದು. ನೀನೂ ಕೆಳಗ ಬರ್ದಿ. ನೀವು ಕಣ್ಣಿದ್ದೋರು ಒಮ್ಮೆ ಮ್ಯಾಲಿಂದ ಕೆಳಗ ನೋಡಿ ಹಾರಿಬಿಡ್ತೀರಿ. ನಾವು ಹಾರಾಕ ಆಗಂಗಿಲ್ಲ, ತಮ್ಮಾ. ಪೂರಾ ರಸ್ತೆ ನಡೀಬೇಕು."

ಸಂಜೆಕಟ್ಟೆಗೆ ಅವರು ನಾಲ್ಕೇ ನಿಯಮ ಮಾಡಿದ್ದರು. ಉತ್ತರ ಮೇಲೆ ಬರೆಯಿರಿ. ಹಳೆಯದನ್ನು ಕತ್ತರಿಸಿ. ಮಾತು ಬದಲಾದರೆ ವಿಷಯದ ಸಾಲನ್ನೂ ಬದಲಿಸಿ. ಚಿತ್ರ ಕಳಿಸಿದರೆ ಅದರಲ್ಲಿ ಏನಿದೆಯೆಂದು ಬರೆಯಿರಿ. ಇನ್ನೂರ ಹನ್ನೆರಡು ಮಂದಿಯಲ್ಲಿ ಇವನ್ನು ಪಾಲಿಸುತ್ತಿದ್ದವರು ಹತ್ತು ಜನ ಸಿಕ್ಕರೆ ಹೆಚ್ಚು, ಕಣ್ಣಿಲ್ಲದವರೂ ಪಾಲಿಸುತ್ತಿರಲಿಲ್ಲ. ಅದಕ್ಕೇ ದಿನಾ ಸಂಜೆ ಆರರಿಂದ ಏಳೂವರೆಯವರೆಗೆ ಅವರೇ ಕೂತು ಎಲ್ಲರ ಮೇಲುಗಳ ಬಾಲ ಕತ್ತರಿಸಿ, ಬಾಣ ಕಿತ್ತು, ಯಾರು ಏನು ಹೇಳಿದರೆಂದು ಹೆಸರು ಮೊದಲಿಟ್ಟು, ಒಂದೇ ಸಂಚಿಕೆ ಮಾಡಿ ಕಳಿಸುತ್ತಿದ್ದರು. ಇದನ್ನು ಅವರಿಗೆ ಯಾರೂ ವಹಿಸಿರಲಿಲ್ಲ.

"ಏನ್ ಸಂಜೀಕ ಕಸ ಹೊಡ್ಯಾಕ ಕುಂತೀರಿ," ಎನ್ನುತ್ತಿದ್ದಳು ನಿಂಗವ್ವ, ಚಹಾ ತಂದಿಟ್ಟು.

"ಹೂಂ. ನಿಂದು ಮುಂಜಾನಿ, ನಂದು ಸಂಜೀಕ."

*

ಹನ್ನೊಂದು ಗಂಟೆಗೆ ಗುಂಡಿ ತೋಡುವ ಬ್ಯಾಟರಾಯಪ್ಪ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮನೆ ಬಾಗಿಲಿಗೆ ಬಂದ. ಅವನು ಕೋಗಿಲಿನ ಹಳೆಯ ಊರಿನವನು. ಮನೆ ಕೆರೆ ಹಿಂದೆಯೇ.

"ಮೂರಡಿಗೇ ನೀರು ಬತ್ತೈತೆ ಕಣಪ್ಪ. ವಾರದಿಂದ ಮಳೆ. ನಿಮ್ಮೋರ್ನ ಕುಂಡ್ರಿಸ್ಬೇಕಲ್ಲ, ಆಳ ಬೇಕಲ್ಲ. ಇಂಗಾದ್ರೆ ಎಂಗೆ?"

ಅದೇ ರುದ್ರಭೂಮಿಯಲ್ಲಿ ಮತ್ತೊಂದು ಕಡೆ ತೋಡಿದರು. ಅಲ್ಲೂ ನೀರು. ಕಾಲೇಜಿನ ಗುಮಾಸ್ತರೊಬ್ಬರು ಫೋನು ಮಾಡಿ, ಸೋಲದೇವನಹಳ್ಳಿ ಕಡೆ, ಹೆಸರಘಟ್ಟ ರಸ್ತೆಯಿಂದ ಒಳಗೆ, ಎತ್ತರದ ನೆಲದಲ್ಲಿ ತಮ್ಮವರ ರುದ್ರಭೂಮಿ ಇದೆಯೆಂದೂ ಅಲ್ಲಿ ಒಪ್ಪಿಸಿದ್ದೇನೆಂದೂ ಹೇಳಿದರು. ಬೇಗ ಆಳುಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕಿತ್ತು. ಮಹೇಂದ್ರ ಬೈಕಿನ ಕೀಲಿ ತೆಗೆದುಕೊಂಡವನು ತಟ್ಟನೆ ನಿಂತ.

"ಕಟ್ಟೆಯೋರಿಗೆ ಜಾಗ ಬದ್ಲಾಯ್ತು ಅಂತ ಹೇಳ್ಬೇಕು."

"ನೀ ಹೋಗ್ ಬ್ರೋ, ಅದನ್ನ ನಾ ಮಾಡ್ತೀನಿ," ಎಂದ ರವಿಕಿರಣ. ಹೆಬ್ಬಾಳದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತ ಮೂರು ವರ್ಷದಿಂದ ಚಿಕ್ಕಪ್ಪನ ಮನೆಯಲ್ಲೇ ಇದ್ದವನು. ಬೆಳಗಿನಿಂದ ಅಪ್ಪನ ಬೈಗುಳ ತಿಂದು, ಏನಾದರೂ ಒಂದು ಕೆಲಸಕ್ಕೆ ಹಾತೊರೆಯುತ್ತಿದ್ದ. "ಚಿಕ್ಕಪ್ಪನ ಮೇಲ್ ಓಪನ್ ಐತಲ್ಲ, ಅದರಿಂದನ ಕಳಸ್ತೀನಿ. ಗ್ರ್ಯಾಂಡ್ ಆಗಿ."

ಗ್ರ್ಯಾಂಡ್ ಆಗಿ ಎಂಬ ಮಾತು ಮಹೇಂದ್ರನ ಕಿವಿಗೆ ಬಿತ್ತು. ಆದರೆ ಬೈಕು ಶುರುವಾಗಿತ್ತು.

*

ಕಾಲೇಜಿನಲ್ಲಿ ಸುತ್ತೋಲೆಗಳೆಲ್ಲ ಮೇಲಿನಲ್ಲೇ ಬರುತ್ತಿದ್ದವು. ಆದರೆ ಸಹಿ ಮಾಡಿದ ಕಾಗದದ ಫೋಟೋ ತೆಗೆದು ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷ ಎಲ್ಲರ ಎಕ್ಸ್‌ಟೆನ್ಶನ್ ನಂಬರನ್ನು ಬಾಯಿಪಾಠ ಇಟ್ಟುಕೊಂಡಿದ್ದ ವೀರಬಸಪ್ಪನವರಿಗೆ ಯಂತ್ರ ಓದಿ ಹೇಳುತ್ತಿದ್ದದ್ದು "ಇಮೇಜ್" ಎಂದಷ್ಟೇ. ಒಂದು ಸಭೆಗೆ ಅವರು ಹೋಗಲಿಲ್ಲ. ಗೈರುಹಾಜರಿಗೆ ಕಾರಣ ಕೇಳಿ ನೋಟಿಸು ಬಂತು. ಅದೂ ಇಮೇಜ್. ಅದಕ್ಕೆ ಉತ್ತರ ಕೊಡಲಿಲ್ಲವೆಂದು ಒಂದು ದಿನ ಕರೆಸಿ ಬೈದರು.

ಅವರು ಒಂದು ಮನವಿ ಬರೆದರು. ಫೋಟೋ ಜೊತೆಗೆ ಅದರ ಒಕ್ಕಣೆಯನ್ನೂ ಟೈಪು ಮಾಡಿ ಹಾಕಿ, ಎರಡು ನಿಮಿಷದ ಕೆಲಸ. ಉತ್ತರವಿಲ್ಲ. ಜ್ಞಾಪಿಸಿ ಬರೆದರು. ಮತ್ತೆ ಬರೆದರು. ಒಂದೂವರೆ ವರ್ಷದಲ್ಲಿ ಹನ್ನೊಂದು ಸಲ. ಪ್ರತಿ ಸಲವೂ ಹಳೆಯದನ್ನು ಕತ್ತರಿಸಿ, ಕೇಳಬೇಕಾದದ್ದನ್ನು ಮೇಲಿಟ್ಟು, ಮೂರೇ ಸಾಲು.

ಕೊನೆಗೊಂದು ದಿನ ಅಂಗಡಿಗೆ ಬಂದು ಫೋನು ಮುಂದೆ ಹಿಡಿದರು. "ಆಫೀಸಿಂದ ಬಂದೈತಿ. ನೋಡಪಾ ಏನೈತಿ."

ಮಹೇಂದ್ರ ನೋಡಿದ. ದುಂಡು ಮೊಹರು, ಹಸಿರು ಶಾಯಿಯ ಸಹಿ, ಓರೆಯಾಗಿ ತೆಗೆದ ಫೋಟೋ. ಅವನು ಓದಿದ: "ನಿಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಲಾಗಿದೆ. ಇನ್ನು ಮುಂದೆ ಎಲ್ಲ ಸುತ್ತೋಲೆಗಳನ್ನು ತಮಗೆ ಓದಲು ಬರುವ ರೂಪದಲ್ಲೇ ಕಳುಹಿಸಲಾಗುವುದು."

"ಇದೂ ಫೋಟೋನಾ?"

"ಫೋಟೋನೇ ಸರ್."

ವೀರಬಸಪ್ಪನವರು ನಕ್ಕರು. ಕೌಂಟರು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಹೇಂದ್ರನಿಗೆ ಮೈ ಉರಿಯಿತು.

"ನಗ್ತೀರಲ್ಲ ಸರ್! ಬನ್ನಿ, ಈಗ್ಲೇ ಹೋಗೋಣ. ಆ ಮೊಹರನ್ನ ಅವನ ಹಣೆಗೆ ಒತ್ತಿ ಬರ್ತೀನಿ. ಓದ್ಕೊಂಡಿರೋ ನನ್ ಮಕ್ಳು! ನಾನು ಒಂಬತ್ತನೇ ಕ್ಲಾಸು, ನಂಗ್ ಅರ್ಥ ಆಗತ್ತೆ, ಇವರಿಗ್ಯಾಕ್ ಆಗಲ್ಲ?"

"ನಿನ್ನ ನಾ ಕಣ್ ಮುಚ್ಚಿಸಿ ಕುಂದರಿಸಿದ್ದೆ. ಅವರನ್ನ ಯಾರ್ ಕುಂದರಸ್ತಾರ?" ಎಂದರು ವೀರಬಸಪ್ಪನವರು. ಆಮೇಲೆ ಕರ್ಚೀಫಿನಿಂದ ಮುಖ ಒರೆಸಿಕೊಂಡು, ಎಷ್ಟೋ ಹೊತ್ತು ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. "ನಗಬಾರ್ದಿತ್ತು," ಎಂದರು. "ಹನ್ನೊಂದ್ ಸಲ ಬರ್ದೀನಿ."

*

ಮೂರೂಮುಕ್ಕಾಲಕ್ಕೆ ಹೊಸ ಜಾಗದಲ್ಲಿ ಎಲ್ಲ ಸಿದ್ಧವಾಗಿತ್ತು. ನೀರು ನಿಲ್ಲದ ಕೆಂಪು ಮಣ್ಣು. ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದಿದ್ದರು. ವೀರಬಸಪ್ಪನವರನ್ನು ಕೂರಿಸಿದ್ದ ಮಣೆಯನ್ನು ಬೇವಿನ ಮರದಡಿ ಇಳಿಸಿದ್ದರು. ಕ್ರಿಯೆ ನಡೆಸುವ ಅಯ್ಯನವರು ಬಿಲ್ವಪತ್ರೆ ಆರಿಸುತ್ತಿದ್ದರು. ಮಹೇಂದ್ರ ರಸ್ತೆಯ ಕಡೆಗೇ ನೋಡುತ್ತಿದ್ದ. ಫೋನು ಬಂತು.

"ಮಹೇಂದ್ರ ಭಾಯ್, ಜಮೀರ್. ನಾವ್ ಬಂದಿದೀವಿ, ಆರು ಜನಾನೂ. ನೀವೆಲ್ಲಿ? ಇಲ್ಲಿ ಯಾರ ದನೀನೂ ಇಲ್ಲ. ಬರೀ ಕಪ್ಪೆ."

"ಕಪ್ಪೆ? ಎಲ್ಲಿಗ್ ಬಂದಿದೀರಾ?"

"ಕೆರೆ ಹಿಂದೆ. ನೀವೇ ಬರ್ದಿದ್ರಲ್ಲ. ಆಟೋದೋನು ಗೇಟಲ್ಲಿ ಬಿಟ್ಟು ಹೋದ."

ಮಹೇಂದ್ರ ಗುಂಪಿನಿಂದ ಆಚೆ ಸರಿದ. "ಜಾಗ ಬದ್ಲಾಯ್ತು ಅಂತ ಮೇಲ್ ಬರ್ಲಿಲ್ವಾ?"

"ಸರ್ ಐಡಿಯಿಂದ ಒಂದು ಬಂತು. ಸಬ್ಜೆಕ್ಟು ಅದೇ ಹಳೇದು. ಒಳಗೆ ಇಮೇಜ್ ಅಂತ ಓದ್ತು, ಅದರ ಕೆಳಗೆ ಎಲ್ಲರ ಸಂತಾಪ. ಸರ್ ಫೋಟೋ ಹಾಕಿದಾರೆ ಅಂದ್ಕೊಂಡ್ವಿ. ಫೋಟೋ ತಗೊಂಡ್ ನಾವೇನ್ ಮಾಡೋಣ? ಮುಂದಕ್ಕೆ ಹೋದ್ವಿ."

"ಜಮೀರ್, ಕೇಳಿ. ಒಂದ್ ಹೆಜ್ಜೆನೂ ಇಡ್ಬೇಡಿ. ಅಲ್ಲಿ ಎರಡು ಗುಂಡಿ ತೋಡಿ ಬಿಟ್ಟಿದಾರೆ. ನೀರು ತುಂಬಿದೆ."

"ಗೊತ್ತಾಯ್ತು ಭಾಯ್. ಅಮ್ರೀನ್ ಕೋಲು ನೀರಿಗೆ ಹೋಯ್ತು. ಅವಳು ಬೀಳೋದು ಸ್ವಲ್ಪದ್ರಲ್ಲಿ ತಪ್ಪಿದೆ."

ಮಹೇಂದ್ರ ಬ್ಯಾಟರಾಯಪ್ಪನಿಗೆ ಫೋನು ಮಾಡಿ, ಓಡಿ ಹೋಗಿ ಅವರನ್ನು ಹಿಡಿದುಕೊಂಡು ಎರಡು ಆಟೋದಲ್ಲಿ ಕರೆತರಲು ಹೇಳಿದ. ಆಮೇಲೆ ಮರದ ಕಡೆ ತಿರುಗಿದ. ರವಿಕಿರಣ ನೆಂಟರಿಗೆ ನೀರಿನ ಬಾಟಲಿ ಹಂಚುತ್ತಿದ್ದ.

"ಏನ್ ಕಳಿಸಿದ್ಯೋ ನೀನು?"

"ಎಲ್ಲಾ ಕಳಸೀನಲ್ಲ ಬ್ರೋ." ರವಿಕಿರಣ ಫೋನು ತೆಗೆದು ತೋರಿಸಿದ. ಉರಿಯುವ ದೀಪ, ಮೋಡ, ನಡುವೆ ವೀರಬಸಪ್ಪನವರ ನಗುಮುಖ, 'ಭಾವಪೂರ್ಣ ಶ್ರದ್ಧಾಂಜಲಿ', ಅದರ ಕೆಳಗೆ ಬಂಗಾರದ ಬಣ್ಣದಲ್ಲಿ ಹೊಸ ಜಾಗ, ಹೊತ್ತು, ದಾರಿಯ ನಕ್ಷೆ. "ಒಂದ್ ತಾಸು ಕುಂತ್ ಮಾಡೀನಿ. ನೋಡು, ಮ್ಯಾಪ್ ಸೈತ ಹಾಕೀನಿ."

ಮಹೇಂದ್ರ ಅವನ ಕೊರಳಪಟ್ಟಿ ಹಿಡಿದ. ಬಾಟಲಿಗಳು ಉರುಳಿದವು.

"ಕುರುಡ್ರಿಗೆ ಫೋಟೋ ಕಳಿಸ್ತೀಯೇನೋ? ಕುರುಡ್ರಿಗೆ ಮ್ಯಾಪು!"

"ನಂಗೇನ್ ಗೊತ್ತು ಬ್ರೋ? ಕಂಪ್ಯೂಟರ್ ಓದ್ತೈತಿ ಅಂತಿದ್ರು, ಅದನ್ನೂ ಓದ್ತೈತಿ ಅನ್ಕೊಂಡೆ—"

"ಮೂರು ವರ್ಷ ಅವರ ಮನೇಲಿ ಉಂಡಿದೀಯಲ್ಲೋ! ಒಂದ್ ದಿನ, ಒಂದೇ ದಿನ ಪಕ್ಕದಲ್ಲಿ ಕೂತು ಏನ್ ಮಾಡ್ತಿದೀರಾ ಚಿಕ್ಕಪ್ಪಾ ಅಂತ ಕೇಳಿದ್ಯಾ?"

ನಾಲ್ಕು ಜನ ಬಂದು ಬಿಡಿಸಿದರು. ಬಿಡಿಸಿಕೊಂಡ ಮೇಲೆ ಮಹೇಂದ್ರನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಗ್ರ್ಯಾಂಡ್ ಆಗಿ ಎಂದದ್ದು ಅವನಿಗೆ ಕೇಳಿಸಿತ್ತು. ಎರಡು ಸಾಲು. ಬೈಕು ನಿಲ್ಲಿಸಿ ತಾನೇ ಬರೆದಿದ್ದರೆ ಒಂದು ನಿಮಿಷ ಹಿಡಿಯುತ್ತಿರಲಿಲ್ಲ.

ಅವನು ಅಪ್ಪಾಸಾಹೇಬರ ಮುಂದೆ ಹೋಗಿ ನಿಂತ. "ಅಜ್ಜಾ, ಒಂದ್ ಗಂಟೆ ಕಾಯ್ರಿ. ಬರ್ತಾವ್ರೆ."

"ಅಯ್ಯನವ್ರು ಮತ್ತೊಂದ್ ಕಡೆ ಹೋಗ್ಬೇಕಂತ. ಹೆಣ ನಿನ್ನಿ ಸಂಜೀದು, ತಮ್ಮಾ."

"ಕಾಯ್ರಿ," ಎಂದಳು ನಿಂಗವ್ವ. ಮರದ ಬೇರಿನ ಮೇಲೆ, ಗಂಡನ ಮಣೆಯ ಪಕ್ಕ ಕೂತಿದ್ದಳು. "ನಾ ಹೂಂ ಅಂದೀನಿ ಅವರಿಗೆ."

ಕಾದರು. ನಾಲ್ಕೂವರೆಗೆ ಆಟೋಗಳು ಯಲಹಂಕ ದಾಟಿದ್ದವು. ಐದಕ್ಕೆ ಎಂ.ಎಸ್. ಪಾಳ್ಯ. ಆರು ಜನರಲ್ಲಿ ಇಬ್ಬರು ಯಶವಂತಪುರದವರಂತೆ. ನೇರವಾಗಿ ಇಲ್ಲಿಗೇ ಬಂದಿದ್ದರೆ ಮೂರಕ್ಕೇ ತಲುಪಿರುತ್ತಿದ್ದರು. ಐದೂಕಾಲಕ್ಕೆ ಫೋನು ಮಾಡಿದಾಗ ಚಿಕ್ಕಬಾಣಾವರದ ಹತ್ತಿರ ಜಾಮು, ಮುಂದೆ ಲಾರಿ ಕೆಟ್ಟು ನಿಂತಿದೆ ಎಂದ ಜಮೀರ್. ಹೆಸರಘಟ್ಟದ ಕಡೆಯಿಂದ ಮೋಡ ಕವಿದು ಬಂತು. ಮೊದಲ ಹನಿಗಳು ತೋಡಿದ ಮಣ್ಣಿನ ಮೇಲೆ ದುಡ್ಡಿನಗಲ ಬಿದ್ದವು.

ಅಯ್ಯನವರು ಎದ್ದು ನಿಂತರು. ಅಪ್ಪಾಸಾಹೇಬರು ನಿಂಗವ್ವನ ಬಳಿ ಬಂದರು.

"ಇಲ್ಲೂ ನೀರ್ ತುಂಬಿದ್ರ ಏನ್ ಮಾಡ್ತೀ ತಂಗಿ? ಮತ್ತ ಮೂರನೇ ಕಡೆ ಹೊತಗೊಂಡ್ ಹೋಗೂದೇನು?" ದನಿಯಲ್ಲಿ ಗದರಿಕೆ ಇರಲಿಲ್ಲ. "ನನ್ನ ಕಡಿಂದ ಆಗಂಗಿಲ್ಲ."

ನಿಂಗವ್ವ ಗಂಡನ ಮುಖವನ್ನು ಒಮ್ಮೆ ನೋಡಿದಳು. ಹನಿ ಬಿದ್ದು ಹಣೆಯ ವಿಭೂತಿ ಗೆರೆಗೆರೆಯಾಗಿ ಇಳಿಯುತ್ತಿತ್ತು. ಸೆರಗಿನಿಂದ ಅದನ್ನು ಒತ್ತಿ, ತಲೆಯಾಡಿಸಿದಳು.

ಇಳಿಸಿದರು. ಗೂಡಿನಲ್ಲಿ ಕೂರಿಸಿದರು. ವಿಭೂತಿ, ಬಿಲ್ವಪತ್ರೆ, ಮೇಲೆ ಉಪ್ಪು. ನಿಂಗವ್ವ ಮೊದಲ ಹಿಡಿ ಮಣ್ಣು ಹಾಕಿದಳು. ಗುದ್ದಲಿಗಳು ಶುರುವಾದಾಗಲೇ ಮಹೇಂದ್ರನ ಫೋನು ಮತ್ತೆ ಹೊಡೆದುಕೊಂಡಿತು. ಅವನು ಅಷ್ಟು ದೂರ ನಡೆದುಹೋಗಿ, ಬೆನ್ನು ತಿರುಗಿಸಿ, ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದು ಮಾತಾಡಿದ.

"ಜಾಮ್ ಬಿಡ್ತು ಭಾಯ್, ಹತ್ತು ನಿಮಿಷ," ಎಂದ ಜಮೀರ್.

"ಬನ್ನಿ, ಬನ್ನಿ."

ಬೆನ್ನ ಹಿಂದೆ ಗುದ್ದಲಿಗಳು ನಿಲ್ಲಲಿಲ್ಲ. "ಭಾಯ್, ಅದು ಮಣ್ಣಿನ ಸದ್ದಾ?"

ಮಹೇಂದ್ರ ಇನ್ನಷ್ಟು ದೂರ ನಡೆದ.

*

ಆಟೋಗಳು ಬಂದಾಗ ಗುಡ್ಡೆಯ ಮೇಲೆ ನೀರು ಚಿಮುಕಿಸಿ ಹೂ ಹಾಕಿಯಾಗಿತ್ತು. ಮಳೆ ಜೋರಾಗಲೇ ಇಲ್ಲ. ನಾಲ್ಕು ಹನಿ ಉದುರಿಸಿ ಮೋಡ ತುಮಕೂರಿನ ಕಡೆ ಸರಿದಿತ್ತು. ಮಹೇಂದ್ರ ಆಕಾಶ ನೋಡಿ ಒಂದು ಕೆಟ್ಟ ಮಾತು ಬೈದ.

ಬ್ಯಾಟರಾಯಪ್ಪ ಮುಂದೆ. ಅವನ ಹೆಗಲು ಹಿಡಿದು ಜಮೀರ್, ಜಮೀರನ ಹೆಗಲು ಹಿಡಿದು ಅಮ್ರೀನ್, ಹೀಗೆ ಆರು ಜನ ಒಬ್ಬರ ಹಿಂದೊಬ್ಬರು ನಡೆದು ಬಂದರು. ಅಮ್ರೀನಳ ಸಲ್ವಾರು ಮೊಣಕಾಲವರೆಗೆ ಕೆಸರಾಗಿತ್ತು. ನೆಂಟರು ಸರಿದು ದಾರಿ ಬಿಟ್ಟರು.

"ಅಕ್ಕಾ ಎಲ್ಲಿದಾರೆ?" ಎಂದಳು ಅಮ್ರೀನ್.

ನಿಂಗವ್ವ ಹೋಗಿ ಅವಳ ಕೈ ಹಿಡಿದಳು. "ತಡ ಆತವ್ವಾ. ಕಾದ್ವಿ."

"ನಮ್ದೇ ತಪ್ಪು ಅಕ್ಕಾ. ಇಮೇಜ್ ಅಂದಾಗ ಏನಿದೆ ಅಂತ ತಿರುಗಿ ಕೇಳ್ಬೇಕಿತ್ತು."

"ನಿಮ್ದೇನ್ರೀ ತಪ್ಪು!" ಮಹೇಂದ್ರ ಕಿರುಚಿದ. "ಎಷ್ಟ್ ದಿನ ಕೇಳ್ಕೊಂಡೇ ಇರ್ತೀರಾ ನೀವು? ಅವರೂ ಕೇಳಿ ಕೇಳೀನೇ—" ದೂರದಲ್ಲಿ ರವಿಕಿರಣ ಬೇವಿನ ಮರಕ್ಕೆ ಮುಖ ಮಾಡಿ ನಿಂತಿದ್ದ.

ಆರೂ ಜನ ಮೊಣಕಾಲೂರಿ ಗುಡ್ಡೆಯ ಮೇಲೆ ಅಂಗೈ ಇಟ್ಟರು. ಹಸಿ ಮಣ್ಣು, ಹೂವು, ಊದುಬತ್ತಿಯ ಕಡ್ಡಿ. ಅಮ್ರೀನ್ ಮಣ್ಣಿನ ಮೇಲೆ ಎಷ್ಟೋ ಹೊತ್ತು ಕೈಯಾಡಿಸಿ, ಕೊನೆಗೆ ಮೆಲ್ಲಗೆ ಕೇಳಿದಳು: "ಹೆಂಗಿದ್ರು ಅಕ್ಕಾ? ಮುಖ?"

"ಹಣಿ ಅಗ್ಲ ಇತ್ತು," ಎಂದಳು ನಿಂಗವ್ವ. "ಮೂಗು..." ಅಲ್ಲಿಗೇ ನಿಂತಳು. ಇಪ್ಪತ್ತಾರು ವರ್ಷ ದಿನವೂ ನೋಡಿದ ಮೂಗು. ಅದನ್ನು ಹೇಳಲು ಅವಳಿಗೆ ಮಾತು ಸಿಗಲಿಲ್ಲ. ಸುತ್ತ ಒಮ್ಮೆ ನೋಡಿದಳು.

"ಬಾವಾರ, ಇಲ್ಲಿ ಬರ್ರಿ. ಕುಂದರ್ರಿ."

ಅಪ್ಪಾಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನೆಂಟರ ಕಡೆಯೊಮ್ಮೆ, ಅಯ್ಯನವರ ಕಡೆಯೊಮ್ಮೆ ನೋಡಿದರು. ಆಮೇಲೆ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಮಹೇಂದ್ರನ ಕೈಗೆ ಕೊಟ್ಟು, ಗುಡ್ಡೆಯ ಪಕ್ಕದಲ್ಲಿ, ಹಸಿ ನೆಲದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ಇವರು ಅವರ ಖಾಸ ಅಣ್ಣ," ಎಂದಳು ನಿಂಗವ್ವ. "ಹಣಿ, ಮೂಗು, ಗದ್ದ, ಎಲ್ಲಾ ಅವರದ."

ಅಮ್ರೀನ್ ಕೈಯ ಮಣ್ಣನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು. ಚಾಚಿದ ಕೈ ನಡುದಾರಿಯಲ್ಲೇ ಅನುಮಾನಿಸಿ ನಿಂತಿತು.

"ಮುಟ್ಟವ್ವಾ," ಎಂದರು ಅಪ್ಪಾಸಾಹೇಬರು.

ಅವಳ ಬೆರಳುಗಳು ಹಣೆಯಿಂದ ಶುರುಮಾಡಿದವು. ಹುಬ್ಬು, ಮುಚ್ಚಿದ ರೆಪ್ಪೆ, ಮೂಗಿನ ದಿಣ್ಣೆ, ಗಲ್ಲದ ಮೂಳೆ. ಅವು ಮೂಗಿನ ಕೆಳಗೆ ಬರುವಷ್ಟರಲ್ಲಿ ಅಪ್ಪಾಸಾಹೇಬರು ಅವಸರದಿಂದ ತಮ್ಮ ಎರಡೂ ಕೈಯೆತ್ತಿ ಬೆರಳುಗಳಿಂದ ಮೀಸೆಯನ್ನು ಮುಚ್ಚಿ ಹಿಡಿದರು.

"ಅವಂಗ ಇದ್ದಿಲ್ಲ," ಎಂದರು. "ಇದನ್ನ ಬಿಟ್ಟ್ ನೋಡ್ರಿ."

ಒಬ್ಬರಾದ ಮೇಲೆ ಒಬ್ಬರು ಬಂದು ಕೂತರು. ಯಾರೂ ಅವಸರ ಮಾಡಲಿಲ್ಲ. ಮುದುಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕೈಯಿಂದ ಮೀಸೆ ಅದುಮಿ ಹಿಡಿದುಕೊಂಡು ಕೂತೇ ಇದ್ದರು. ಆರನೆಯವನು ಎದ್ದು ಕೋಲು ಹುಡುಕಿಕೊಂಡ ಮೇಲೂ ಅವರು ಕೈ ತೆಗೆಯಲಿಲ್ಲ. ಹಣೆ, ಕೆನ್ನೆಗಳ ಮೇಲೆಲ್ಲ ಕೆಂಪು ಮಣ್ಣಿನ ಬೆರಳ ಗುರುತು ಮೂಡಿತ್ತು.